ಚೀಸ್ ಪ್ಯಾಕೆಟ್ ತಿರುಗಿಸಿ ನೋಡಿ, ಹೇಗೆ ಮಾಡಿದ್ದು ಅಂತ ಹಿಂದೆ ಬರೆದಿರುತ್ತೆ

ಹೋದ ತಿಂಗಳು ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಲ್ಲಿ ಫ್ರಿಜ್ಜಿನ ಮುಂದೆ ನಿಂತಿದ್ದೆ. ಜೊತೆಗೆ ಮಗಳು, ಅತ್ತೆ. ಮಗಳಿಗೆ ಮನೆಯಲ್ಲೇ ಪಿಜ್ಜಾ ಆಗಬೇಕಿತ್ತು. ಅತ್ತೆ ತೀರ್ಥಹಳ್ಳಿ ಕಡೆಯವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರಸ ಹಾಕುತ್ತಾರೆ ಅಂತ ಯಾರೋ ಅವರ ಮೊಬೈಲಿಗೆ ಕಳಿಸಿದ್ದರಂತೆ. ‘ಇದ್ರಲ್ಲಿ ಅದು ಇರ್ತಾ ಮಾರಾಯ್ತಿ? ಸರಿ ನೋಡಿ ತಗಾ’ ಅಂದರು.

ನನ್ನ ಕೈಯಲ್ಲಿ ಮೂರು ಪ್ಯಾಕೆಟ್ ಇದ್ದವು. ಮೂರರ ಮುಂದೆಯೂ ಹಸಿರು ಹುಲ್ಲು, ಹಳದಿ ತುಂಡು, ಎಳೆ ಎಳೆಯಾಗಿ ಜಗ್ಗುವ ಚಿತ್ರ. ತಿರುಗಿಸಿದೆ. ಒಂದರಲ್ಲಿ ‘ಚೆಡ್ಡಾರ್ ಚೀಸ್’ ಅಂತಿತ್ತು. ಇನ್ನೊಂದರಲ್ಲಿ ‘ಪ್ರೊಸೆಸ್ಡ್ ಚೀಸ್’. ಮೂರನೆಯದರಲ್ಲಿ ಚೀಸ್ ಅನ್ನುವ ಪದವೇ ಇಲ್ಲ, ‘ಪಿಜ್ಜಾ ಟಾಪಿಂಗ್’ ಅಂತ ಮಾತ್ರ, ಕೆಳಗೆ ಪದಾರ್ಥಗಳ ಸಾಲಿನಲ್ಲಿ ನೀರಿನ ಪಕ್ಕದಲ್ಲೇ ತಾಳೆ ಎಣ್ಣೆ. ಒಂದೇ ಫ್ರಿಜ್ಜು, ಒಂದೇ ತಟ್ಟೆ, ಆದರೆ ಮೂರೂ ಬೇರೆ ಬೇರೆ ವಸ್ತುಗಳು. ಈ ವ್ಯತ್ಯಾಸ ಹೇಳುವುದು ಮುಂದಿನ ಚಿತ್ರ ಅಲ್ಲ, ಹಿಂದಿನ ಸಣ್ಣ ಅಕ್ಷರ. ಅಲ್ಲಿ ಬರುವ ಒಂದೊಂದು ಪದವೂ ಆ ಚೀಸನ್ನು ಹೇಗೆ ಮಾಡಿದರು ಅನ್ನುವ ಕಥೆಯ ಒಂದು ತುಣುಕು. ಅದನ್ನು ಓದಲು ಕಲಿತರೆ ಅತ್ತೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ, ನಾವು ಕೊಡುವ ದುಡ್ಡು ಯಾವುದಕ್ಕೆ ಹೋಗ್ತಿದೆ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಹಾಲು ಗಟ್ಟಿಯಾಗುವ ವಿಚಾರ. ಇದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದನ ಕರು ಹಾಕಿದಾಗ ಗಿಣ್ಣದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟರೆ ಸಾಕು, ಹುಳಿ ಬೇಡ, ಹೆಪ್ಪು ಬೇಡ, ತಾನೇ ಗಟ್ಟಿಯಾಗುತ್ತದೆ. ಆ ಹಾಲಿನಲ್ಲಿ ಬಿಸಿಗೆ ಗಟ್ಟಿಯಾಗುವ ಪ್ರೋಟೀನು ಅಷ್ಟು ಜಾಸ್ತಿ ಇರುತ್ತದೆ. ಮೊಸರಿಗೆ ಹೆಪ್ಪು ಹಾಕುತ್ತೇವೆ, ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಹುಳಿ ಮಾಡುತ್ತದೆ, ಆ ಹುಳಿಗೆ ಹಾಲು ನಿಲ್ಲುತ್ತದೆ. ಪನೀರಿಗೆ ಕುದಿಯುವ ಹಾಲಿಗೆ ನಿಂಬೆಹುಳಿ ಹಿಂಡುತ್ತೇವೆ, ಒಡೆಯುತ್ತದೆ, ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರುತ್ತೇವೆ.

ಚೆಡ್ಡಾರ್, ಮೊಝರೆಲ್ಲಾ ತರಹದ ಚೀಸಿನಲ್ಲಿ ನಡೆಯುವುದು ಬೇರೆ. ಅಲ್ಲಿ ಹೆಪ್ಪೂ ಇದೆ, ಲೇಬಲ್ಲಿನಲ್ಲಿ ಅದನ್ನು ‘ಕಲ್ಚರ್’ ಅಂತ ಬರೆಯುತ್ತಾರೆ. ಅದರ ಜೊತೆಗೆ ರೆನ್ನೆಟ್ ಅನ್ನುವ ಕಿಣ್ವ, ಅಂದರೆ ಎನ್‌ಜೈಮ್. ಹಾಲಿನ ಮುಖ್ಯ ಪ್ರೋಟೀನು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನ ತುಂಬ ತೇಲುತ್ತಿರುತ್ತದೆ. ಆ ಉಂಡೆಗಳ ಮೈಮೇಲೆ ಕೂದಲಿನಂಥ ಪದರ, ಅದು ಇರುವ ತನಕ ಒಂದಕ್ಕೊಂದು ಅಂಟುವುದಿಲ್ಲ. ರೆನ್ನೆಟ್ ಆ ಕೂದಲನ್ನಷ್ಟೇ ಕತ್ತರಿಸಿ ಹಾಕುತ್ತದೆ. ಬೋಳಾದ ಉಂಡೆಗಳು ಹಾಲಿನಲ್ಲಿರುವ ಕ್ಯಾಲ್ಸಿಯಂ ಹಿಡಿದುಕೊಂಡು ಒಂದರ ಕೈ ಒಂದು ಹಿಡಿದು ಬಲೆ ಕಟ್ಟುತ್ತವೆ. ಪನೀರನ್ನು ಎಷ್ಟು ಕಾಯಿಸಿದರೂ ಕರಗದೆ ಇರುವುದಕ್ಕೂ, ಮೊಝರೆಲ್ಲಾ ಎಳೆ ಎಳೆಯಾಗಿ ಬರುವುದಕ್ಕೂ ಕಾರಣ ಈ ಬಲೆ ಕಟ್ಟಿದ ರೀತಿಯಲ್ಲೇ ಇದೆ. ಹುಳಿ ಹಿಂಡಿ ಕುದಿಯಲ್ಲಿ ಒಡೆಸಿದ ಹಾಲಿನಲ್ಲಿ ಆ ಕ್ಯಾಲ್ಸಿಯಂ ಒಂದಷ್ಟು ಕರಗಿ ನೀರಿನ ಜೊತೆ ಹೋಗಿರುತ್ತದೆ, ಪ್ರೋಟೀನು ನೇರವಾಗಿ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದ ಪನೀರ್ ಕರಗಲಿಲ್ಲ ಅಂತ ಅದನ್ನು ನಕಲಿ ಅನ್ನಬೇಡಿ, ಅದು ಇರುವುದೇ ಹಾಗೆ.

ಇನ್ನು ಅತ್ತೆಯ ಪ್ರಶ್ನೆ. ಅವರಿಗೆ ಬಂದ ಸುದ್ದಿ ಪೂರ್ತಿ ಸುಳ್ಳಲ್ಲ. ಯುರೋಪಿನಲ್ಲಿ ರೆನ್ನೆಟ್ ತೆಗೆಯುತ್ತಿದ್ದದ್ದು ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಹೊಟ್ಟೆಯಿಂದಲೇ, ಕರು ಹಾಲನ್ನು ಅರಗಿಸಿಕೊಳ್ಳಲಿ ಅಂತ ಅಲ್ಲಿ ಆ ಕಿಣ್ವ ಇರುತ್ತದೆ. ಇವತ್ತಿಗೂ ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ ರೆನ್ನೆಟ್ಟೇ ಆಗಬೇಕು ಅಂತ ಅದರ ನಿಯಮ ಹೇಳುತ್ತದೆ. ಆದರೆ ನಮ್ಮ ದೇಶದ ನಿಯಮ ಬೇರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಚೀಸ್ ಅಂದರೆ ಏನು ಅಂತ ಹೇಳುವಾಗಲೇ ಪ್ರಾಣಿ ಮೂಲವಲ್ಲದ ರೆನ್ನೆಟ್ ಅಥವಾ ಬೇರೆ ಸೂಕ್ತ ಹೆಪ್ಪುಗಟ್ಟಿಸುವ ಪದಾರ್ಥ ಅಂತ ಬರೆದಿಟ್ಟಿದೆ. ಅಂಗಡಿಯಲ್ಲಿ ಸಿಗುವ ಇಲ್ಲಿನ ಪ್ಯಾಕೆಟ್ಟಿನ ಮೇಲೆ ‘ಮೈಕ್ರೋಬಿಯಲ್ ರೆನ್ನೆಟ್’, ‘ವೆಜಿಟೇರಿಯನ್ ರೆನ್ನೆಟ್’, ಕೆಲವು ಸಲ ಬರೀ ‘ಎನ್‌ಜೈಮ್’ ಅಂತ ಕಾಣುತ್ತದೆ. ಚೌಕದೊಳಗೆ ಹಸಿರು ಚುಕ್ಕೆ ಇರುತ್ತದೆ. ಮಾಂಸಾಹಾರಕ್ಕೆ ಹಿಂದೆ ಕಂದು ಚುಕ್ಕೆ ಇತ್ತು, 2020ರ ಲೇಬಲಿಂಗ್ ನಿಯಮ ಬಂದ ಮೇಲೆ ಕಂದು ತ್ರಿಕೋನ ಆಗಿದೆ.

ಮೈಕ್ರೋಬಿಯಲ್ ಅಂದರೆ ಸೂಕ್ಷ್ಮಜೀವಿಯಿಂದ ಪಡೆದದ್ದು. ಅದರಲ್ಲಿ ಎರಡು ಬಗೆ. ಒಂದು, ಕೆಲವು ಜಾತಿಯ ಬೂಸ್ಟು ತಾನಾಗಿಯೇ ರೆನ್ನೆಟ್ಟಿನ ಕೆಲಸ ಮಾಡುವ ಕಿಣ್ವವನ್ನು ತಯಾರಿಸುತ್ತದೆ, ಅದನ್ನು ಬೆಳೆಸಿ ತೆಗೆಯುತ್ತಾರೆ. ಎರಡನೆಯದು, ಕರುವಿನ ಕಿಣ್ವದ ಜೀನನ್ನೇ ಬೂಸ್ಟಿಗೋ ಯೀಸ್ಟಿಗೋ ಸೇರಿಸಿ, ದೊಡ್ಡ ತೊಟ್ಟಿಯಲ್ಲಿ ಹುದುಗಿಸಿ, ಬಂದ ಕಿಣ್ವವನ್ನು ಶುದ್ಧ ಮಾಡಿ ಬಳಸುವುದು. ಈ ಎರಡನೆಯ ದಾರಿಗೆ ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಯಾವ ಕರುವನ್ನೂ ಕೊಲ್ಲಬೇಕಿಲ್ಲ, ಆದರೆ ವಂಶವಾಹಿ ಬದಲಿಸಿದ ಜೀವಿಯ ಕೆಲಸ ಅದರಲ್ಲಿದೆ. ಕೆಲವರಿಗೆ ಅದು ಮುಖ್ಯ, ಕೆಲವರಿಗೆ ಅಲ್ಲ. ನನ್ನ ತಕರಾರು ಇಷ್ಟೇ: ಬರೀ ‘ಎನ್‌ಜೈಮ್’ ಅಂತ ಬರೆದರೆ ಈ ಎರಡರಲ್ಲಿ ಯಾವುದು ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಅದನ್ನೂ ಬಿಡಿಸಿ ಬರೆದರೆ ಕಂಪನಿಗೆ ಏನೂ ನಷ್ಟವಿಲ್ಲ, ಎರಡು ಪದ ಜಾಸ್ತಿ ಅಷ್ಟೇ.

ಗಿಡದಿಂದ ಬರುವ ರೆನ್ನೆಟ್ಟೂ ಇದೆ. ಅಶ್ವಗಂಧದ ಹತ್ತಿರದ ಸಂಬಂಧಿ ಒಂದು ಗಿಡ ವಾಯವ್ಯ ಭಾರತದಲ್ಲಿ ಬೆಳೆಯುತ್ತದೆ, ಅದರ ಕಾಯಿ ಹಾಲು ಹೆಪ್ಪುಗಟ್ಟಿಸುತ್ತದೆ, ಆದ್ದರಿಂದಲೇ ಅಲ್ಲಿ ಅದನ್ನು ಪನೀರ್ ದೋಡಾ ಅಂತ ಕರೆಯುತ್ತಾರೆ. ಅಂಜೂರದ ಗಿಡದ ಹಾಲಿಗೂ ಈ ಗುಣ ಇದೆ.

ಇದನ್ನೆಲ್ಲ ಅಂಗಡಿಯಲ್ಲಿ ಅತ್ತೆಗೆ ಹೇಳಲು ಆಗಲಿಲ್ಲ. ‘ಹಸಿರು ಚುಕ್ಕೆ ಇದೆ ಅತ್ತೆ, ಮೈಕ್ರೋಬಿಯಲ್ ಅಂತ ಬರೆದಿದ್ದಾರೆ, ಕರುವಿಂದಲ್ಲ’ ಅಂದೆ. ಮನೆಗೆ ಬಂದು ಕಾಫಿ ಕುಡಿಯುತ್ತಾ ಉಳಿದದ್ದನ್ನು ಹೇಳಿದೆ. ವಿದೇಶದಿಂದ ಯಾರಾದರೂ ತಂದುಕೊಟ್ಟ ಚೀಸ್ ಮಾತ್ರ ಓದದೆ ತಿನ್ನಬೇಡಿ ಅಂತಲೂ ಹೇಳಿದೆ. ಅದಕ್ಕೆ ನಮ್ಮ ಚುಕ್ಕೆ ಇರುವುದಿಲ್ಲ. ರೆನ್ನೆಟ್ ಅಂತ ಮಾತ್ರ ಇದ್ದರೆ ಕರುವಿನದೂ ಆಗಿರಬಹುದು. ಇಟಲಿಯ ಗ್ರಾನಾ ಪಡಾನೊದಂಥ ಚೀಸಿನಲ್ಲಿ ಲೈಸೋಜೈಮ್ ಅಂತ ಇನ್ನೊಂದು ಪದ ಕಾಣಬಹುದು, ಅದು ಮೊಟ್ಟೆಯ ಬಿಳಿಯಿಂದ ತೆಗೆದದ್ದು.

ಈಗ ಎರಡನೆಯ ಪ್ಯಾಕೆಟ್, ಪ್ರೊಸೆಸ್ಡ್ ಚೀಸ್. ನಾವು ಚಿಕ್ಕಂದಿನಿಂದ ಚೀಸ್ ಅಂತ ತಿಂದದ್ದು ಹೆಚ್ಚಾಗಿ ಇದೇ. ಟಿನ್ನಿನಲ್ಲಿ ಬರುತ್ತಿದ್ದದ್ದು, ಬೆಳ್ಳಿ ಕಾಗದದ ಚೌಕ, ಬ್ರೆಡ್ಡಿನ ಮೇಲಿಡುವ ಹಾಳೆ, ಎಲ್ಲವೂ ಇದರ ರೂಪಗಳೇ. ಈಗಾಗಲೇ ತಯಾರಾದ ಚೀಸನ್ನು ತುರಿದು, ಒಂದೆರಡು ಬಗೆ ಬೆರೆಸಿ, ನೀರು ಮತ್ತು ಕೆಲವು ಲವಣ ಹಾಕಿ, ಕಾಯಿಸಿ ಕರಗಿಸಿ ಮತ್ತೆ ಅಚ್ಚಿಗೆ ಹೊಯ್ದರೆ ಅದು ಪ್ರೊಸೆಸ್ಡ್ ಚೀಸ್. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಇದನ್ನು ಕಂಡುಹಿಡಿದರು. ಚೀಸ್ ಬೇಗ ಕೆಡದೆ ದೂರದ ದೇಶಕ್ಕೆ ಹೋಗಬೇಕು ಅನ್ನುವುದು ಅವರ ಉದ್ದೇಶ.

ಅವರ ಕೀಲಿಕೈ ಸೋಡಿಯಂ ಸಿಟ್ರೇಟ್. ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಟ್ಟ ಸಂಖ್ಯೆಯ ರೂಪದಲ್ಲಿ ನಿಮ್ಮ ಪ್ಯಾಕೆಟ್ಟಿನಲ್ಲಿ ಅದು ಐಎನ್‌ಎಸ್ 331 ಅಂತ ಇರುತ್ತದೆ, 339, 450, 452 ಇದ್ದರೆ ಅವು ಫಾಸ್ಫೇಟ್ ಲವಣಗಳು. ಇವು ಮಾಡುವ ಕೆಲಸ ನೋಡಬೇಕೆಂದರೆ ಮನೆಯಲ್ಲೇ ನೋಡಬಹುದು. ಆ ಸಂಜೆ ನಾನು ಮತ್ತು ಮಗಳು ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಮೂರೂ ಪ್ಯಾಕೆಟ್ಟಿನ ಒಂದೊಂದು ಚೂರು ಇಟ್ಟೆವು. ಚೆಡ್ಡಾರ್ ಮೊದಲು ಬೆವರಿತು. ಆಮೇಲೆ ಕುಸಿದು, ಸುತ್ತ ಹಳದಿ ಎಣ್ಣೆ ಬಿಟ್ಟು, ನಡುವೆ ಗಟ್ಟಿ ಅಂಟಿನಂತೆ ನಿಂತಿತು. ಪ್ರೊಸೆಸ್ಡ್ ಚೀಸ್ ಎಣ್ಣೆ ಬಿಡಲಿಲ್ಲ, ನುಣ್ಣಗೆ ಒಂದೇ ಸಮ ಕರಗಿ ಹರಡಿತು. ಮಗಳು ‘ಎರಡನೇದೇ ಒಳ್ಳೇದಲ್ವಾ ಅಮ್ಮಾ?’ ಅಂದಳು. ನೋಡಲು ಹಾಗೇ ಅನ್ನಿಸುತ್ತದೆ. ಆದರೆ ಎಣ್ಣೆ ಬಿಡುವುದು ದೋಷ ಅಲ್ಲ. ಕ್ಯಾಲ್ಸಿಯಂ ಹಿಡಿದು ಕಟ್ಟಿದ ಬಲೆ ಬಿಸಿಗೆ ಬಿಗಿಯುತ್ತದೆ, ಕೊಬ್ಬು ಹೊರಗೆ ಬರುತ್ತದೆ. ಸಿಟ್ರೇಟ್ ಹಾಕಿದಾಗ ಅದು ಆ ಕ್ಯಾಲ್ಸಿಯಮ್ಮನ್ನು ಕಿತ್ತುಕೊಂಡು ಬಿಡುತ್ತದೆ, ಬಲೆ ಸಡಿಲವಾಗಿ ಪ್ರೋಟೀನು ಕೊಬ್ಬಿನ ಹನಿಯನ್ನೂ ನೀರನ್ನೂ ಸುತ್ತಿ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಹಿಂದೆ ತಲೆಗೆ ಎಣ್ಣೆ ಹಚ್ಚಿದ ಮೇಲೆ ಅಂಟುವಾಳದ ನೊರೆ ಹಾಕಿ ತೊಳೆಯುತ್ತಿದ್ದರು ಅಲ್ವಾ, ಎಣ್ಣೆಯೂ ನೀರೂ ಆ ನೊರೆಯಲ್ಲಿ ಒಟ್ಟಾಗಿ ಬರುತ್ತಿತ್ತು. ಇಲ್ಲೂ ಅಂಥದ್ದೇ ಕೆಲಸ.

ಹಾಗಾಗಿ ಪ್ರೊಸೆಸ್ಡ್ ಅಂದ ಕೂಡಲೇ ವಿಷ ಅಂತ ಹೆದರಬೇಕಿಲ್ಲ. ಅದು ಹಾಲಿನಿಂದಲೇ ಆದದ್ದು. ಆದರೆ ಸೋಡಿಯಂ ಜಾಸ್ತಿ, ಬಿಪಿ ಇರುವವರು ಹಿಂಬದಿಯ ಪೌಷ್ಟಿಕಾಂಶ ಪಟ್ಟಿಯಲ್ಲಿ ಆ ಸಾಲನ್ನು ನೋಡಲೇಬೇಕು. ಇನ್ನೊಂದು, ನೀರು. ನಮ್ಮ ನಿಯಮದಲ್ಲಿ ಚೆಡ್ಡಾರಿಗೆ ತೇವಾಂಶ 39% ದಾಟಬಾರದು, ಪ್ರೊಸೆಸ್ಡ್ ಚೀಸಿಗೆ 47%, ಚೀಸ್ ಸ್ಪ್ರೆಡ್ಡಿಗೆ 60% ತನಕ ಬಿಡುತ್ತಾರೆ. ಸ್ಪ್ರೆಡ್ ಡಬ್ಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರಬಹುದು. ಗ್ರಾಂ ಲೆಕ್ಕದಲ್ಲಿ ಬೆಲೆ ಹೋಲಿಸುವಾಗ ಇದು ನೆನಪಿರಲಿ.

ತೇವಾಂಶದ ಜೊತೆ ಬರುವ ಇನ್ನೊಂದು ಪದಕ್ಕೆ ತುಂಬ ಜನ ಮೋಸ ಹೋಗುತ್ತಾರೆ. ‘ಫ್ಯಾಟ್ ಆನ್ ಡ್ರೈ ಬೇಸಿಸ್ 50%’ ಅಂತ ಇದ್ದರೆ ಚೀಸಿನ ಅರ್ಧ ಕೊಬ್ಬು ಅಂತಲ್ಲ. ನೀರನ್ನೆಲ್ಲ ತೆಗೆದ ಮೇಲೆ ಉಳಿಯುವ ಒಣ ಭಾಗದಲ್ಲಿ ಅರ್ಧ ಕೊಬ್ಬು ಅಂತ. ಪನೀರಿಗೆ ನಮ್ಮ ನಿಯಮ ಇದೇ, ತೇವಾಂಶ 60% ದಾಟಬಾರದು, ಒಣ ಭಾಗದಲ್ಲಿ ಹಾಲಿನ ಕೊಬ್ಬು 50%ಕ್ಕೆ ಕಡಿಮೆ ಇರಬಾರದು. 100 ಗ್ರಾಂ ಪನೀರಿನಲ್ಲಿ 60 ಗ್ರಾಂ ನೀರಾದರೆ ಒಣ ಭಾಗ 40, ಅದರಲ್ಲಿ ಅರ್ಧ ಅಂದರೆ 20 ಗ್ರಾಂ ಕೊಬ್ಬು.

ಮೂರನೆಯ ಪ್ಯಾಕೆಟ್ಟಿನದೇ ನಿಜವಾದ ತಲೆನೋವು. ಹಾಲಿನ ಕೊಬ್ಬಿನ ಜಾಗದಲ್ಲಿ ತಾಳೆ ಎಣ್ಣೆ, ಅದರ ಜೊತೆ ಪಿಷ್ಟ, ಹಾಲಿನ ಪುಡಿ ಅಥವಾ ಹಾಲಿನಿಂದ ತೆಗೆದ ಪ್ರೋಟೀನು ಸೇರಿಸಿ ಚೀಸಿನಂತೆಯೋ ಪನೀರಿನಂತೆಯೋ ಕಾಣುವ ಹಾಗೆ ಮಾಡಿದರೆ ನಿಯಮದ ಭಾಷೆಯಲ್ಲಿ ಅದು ‘ಅನಲಾಗ್’. ಇದನ್ನು ಮಾಡುವುದು ಅಪರಾಧ ಅಲ್ಲ. ಐಸ್‌ಕ್ರೀಮ್ ಪಕ್ಕದಲ್ಲಿ ಸಸ್ಯಜನ್ಯ ಎಣ್ಣೆಯ ಫ್ರೋಜನ್ ಡೆಸರ್ಟ್ ಮಾರುತ್ತಾರಲ್ಲ, ಹಾಗೇ. ಆದರೆ ಅದಕ್ಕೆ ಚೀಸ್, ಪನೀರ್ ಅನ್ನುವ ಹೆಸರು ಇಡುವ ಹಾಗಿಲ್ಲ. ನನ್ನ ಕೈಯಲ್ಲಿದ್ದ ಪ್ಯಾಕೆಟ್ಟು ಆ ಲೆಕ್ಕದಲ್ಲಿ ಪ್ರಾಮಾಣಿಕವೇ, ಚೀಸ್ ಅಂತ ಎಲ್ಲೂ ಬರೆದಿರಲಿಲ್ಲ. ಕಾವಲಿಯ ಮೇಲೆ ಅದು ಮೆತ್ತಗಾಯಿತು, ಹೊಳೆಯಿತು, ಬಾಯಿಗೆ ಹಾಕಿಕೊಂಡರೆ ಹಾಲಿನ ರುಚಿ ಬರಲಿಲ್ಲ, ಅಂಗುಳಕ್ಕೆ ಮೇಣದ ಹಾಗೆ ಹತ್ತಿತು. ಮಗಳು ಉಗಿದಳು.

ಎಣ್ಣೆಯ ಸುಳಿವು ಲೇಬಲ್ಲಿನಲ್ಲಿ ಹುಡುಕುವುದು ಸುಲಭ. ಪದಾರ್ಥಗಳನ್ನು ತೂಕದ ಪ್ರಕಾರ ಇಳಿಕೆಯಲ್ಲಿ ಬರೆಯಬೇಕು ಅನ್ನುವುದು ನಿಯಮ. ಮೊದಲ ಸಾಲಿನಲ್ಲಿ ಹಾಲು ಅಥವಾ ಚೀಸ್ ಇದ್ದರೆ ಸರಿ. ‘ಎಡಿಬಲ್ ವೆಜಿಟೇಬಲ್ ಆಯಿಲ್’, ‘ಪಾಮೊಲಿನ್’ (ತಾಳೆ ಎಣ್ಣೆಯದೇ ಒಂದು ಬಗೆ), ‘ವೆಜಿಟೇಬಲ್ ಫ್ಯಾಟ್’ ಕಂಡರೆ ಮುಂದಿನ ಚಿತ್ರ ಏನೇ ಹೇಳಲಿ, ಅದು ಪೂರ್ತಿ ಹಾಲಿನದಲ್ಲ. ಬಿಡಿಯಾಗಿ ತೂಕ ಮಾಡಿ ಕೊಡುವ ಪನೀರಿಗೆ ಲೇಬಲ್ಲೇ ಇರುವುದಿಲ್ಲ. ಅದಕ್ಕೆ ಒಂದು ಪರೀಕ್ಷೆ ಇದೆ: ಚೂರನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಟಿಂಕ್ಚರ್ ಅಯೋಡಿನ್ ಒಂದೆರಡು ಹನಿ ಹಾಕಿ. ನೀಲಿಯಾದರೆ ಪಿಷ್ಟ ಇದೆ. ಆದರೆ ನೀಲಿ ಆಗಲಿಲ್ಲ ಅಂದರೆ ಶುದ್ಧ ಅಂತ ತೀರ್ಮಾನಿಸಬೇಡಿ, ಅಯೋಡಿನ್ನಿಗೆ ಎಣ್ಣೆ ಗೊತ್ತಾಗುವುದಿಲ್ಲ. ತುರಿದು ಪ್ಯಾಕ್ ಮಾಡಿದ ಚೀಸ್ ನೀಲಿಯಾದರೂ ಗಾಬರಿ ಬೇಡ, ಎಳೆಗಳು ಒಂದಕ್ಕೊಂದು ಅಂಟದಿರಲಿ ಅಂತ ಪಿಷ್ಟದ ಪುಡಿ ಉದುರಿಸಿರಬಹುದು. ಹಾಗಿದ್ದರೆ ಪದಾರ್ಥಗಳ ಸಾಲಿನಲ್ಲಿ ಅದು ಇರಬೇಕು.

ಉಳಿದ ಪದಗಳ ವಿಚಾರ ಬೇಗ ಹೇಳಿಬಿಡುತ್ತೇನೆ. ‘ಏಜ್ಡ್’, ‘ಮೆಚ್ಯೂರ್’ ಅಂದರೆ ಮಾಗಿಸಿದ್ದು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಬಿಟ್ಟರೆ ತಿಂಗಳು ಕಳೆದ ಹಾಗೆ ರುಚಿ ಬೇರೆಯಾಗುತ್ತದೆ ಅಲ್ವಾ, ಚೀಸೂ ಹಾಗೇ, ಕಿಣ್ವ ಮತ್ತು ಬ್ಯಾಕ್ಟೀರಿಯಾ ಪ್ರೋಟೀನನ್ನೂ ಕೊಬ್ಬನ್ನೂ ನಿಧಾನಕ್ಕೆ ಒಡೆಯುತ್ತಾ ಹೋಗುತ್ತವೆ. ಪಾರ್ಮಿಜಾನೊ ರೆಜ್ಜಾನೊಗೆ ಕನಿಷ್ಠ 12 ತಿಂಗಳು ಬೇಕು. ‘ಮೆಚ್ಯೂರ್’ ಅನ್ನುವ ಪದ ಮಾತ್ರ ಇದ್ದು ಎಷ್ಟು ತಿಂಗಳು ಅಂತ ಇಲ್ಲದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಊರಿನ ಹೆಸರೂ ಹಾಗೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಇದ್ದ ಹಾಗೆ ಯುರೋಪಿನಲ್ಲಿ ಪಾರ್ಮಿಜಾನೊ, ರೋಕ್‌ಫೋರ್, ಫೆಟಾಗೆ ರಕ್ಷಣೆ ಇದೆ. ಆದರೆ ಚೆಡ್ಡಾರ್ ಅನ್ನುವುದು ಇಂಗ್ಲೆಂಡಿನ ಸಾಮರ್‌ಸೆಟ್ ಕಡೆಯ ಒಂದು ಹಳ್ಳಿಯ ಹೆಸರಾದರೂ ಈಗ ಯಾರು ಎಲ್ಲಿ ಬೇಕಾದರೂ ಚೆಡ್ಡಾರ್ ಮಾಡಬಹುದು. ಅದು ಊರಲ್ಲ, ವಿಧಾನದ ಹೆಸರು.

‘ನ್ಯಾಚುರಲ್’, ‘ಪ್ಯೂರ್’, ‘ಫ್ರೆಶ್’, ‘ಟ್ರೆಡಿಷನಲ್’ ಇವನ್ನು ಮನಬಂದಂತೆ ಬಳಸುವ ಹಾಗಿಲ್ಲ ಅಂತ ಜಾಹೀರಾತು ಮತ್ತು ಪ್ಯಾಕೆಟ್ಟಿನ ಹೇಳಿಕೆಗಳ ಬಗ್ಗೆ 2018ರಲ್ಲಿ ನಿಯಮ ಬಂದಿದೆ. ಬ್ರ್ಯಾಂಡಿನ ಹೆಸರಲ್ಲೇ ಅಂಥ ಪದ ಇದ್ದು ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಬ್ರ್ಯಾಂಡ್ ಹೆಸರು, ಒಳಗಿನ ವಸ್ತುವಿನ ಗುಣ ಅಲ್ಲ ಅಂತ ಪ್ಯಾಕೆಟ್ಟಿನ ಮೇಲೆ ಹಾಕಬೇಕು. ಆ ಸಾಲು ಕಂಡರೆ ಮುಂದಿನ ದೊಡ್ಡ ಅಕ್ಷರವನ್ನು ಮರೆತು ಹಿಂದಿನದನ್ನೇ ಓದಿ.

ಎ2 ಬಗ್ಗೆ ನಮ್ಮ ಕಡೆ ಜಾಸ್ತಿ ಕೇಳುತ್ತಾರೆ, ಯಾಕೆಂದರೆ ನಮ್ಮ ಮಲೆನಾಡು ಗಿಡ್ಡ ಹಸುವಿನ ಹೆಸರಿನಲ್ಲಿ ತುಪ್ಪ, ಹಾಲು ಮಾರುವವರು ಈ ಪದ ಬಳಸುತ್ತಾರೆ. ಎ1, ಎ2 ಅಂದರೆ ಹಾಲಿನ ಒಂದು ಪ್ರೋಟೀನಿನ ಎರಡು ಬಗೆ, ಅದರ ಸರಪಳಿಯಲ್ಲಿ ಒಂದೇ ಒಂದು ಕೊಂಡಿಯ ವ್ಯತ್ಯಾಸ. 2024ರ ಆಗಸ್ಟ್ 21ರಂದು ಎಫ್‌ಎಸ್‌ಎಸ್‌ಎಐ, ಎ1, ಎ2 ಅಂತ ಬರೆಯುವುದು ದಾರಿ ತಪ್ಪಿಸುತ್ತದೆ, ತೆಗೆಯಿರಿ ಅಂದಿತು. ಐದೇ ದಿನಕ್ಕೆ, 26ರಂದು, ಆ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಗಿಡ್ಡ ಹಸು ನಮ್ಮ ಗುಡ್ಡಕ್ಕೆ, ಮಳೆಗೆ, ಸೊಪ್ಪಿನ ಬೆಟ್ಟಕ್ಕೆ ಹೊಂದಿಕೊಂಡ ತಳಿ, ಅದನ್ನು ಉಳಿಸಬೇಕು ಅಂತ ನನಗೂ ಆಸೆ. ಅದಕ್ಕೆ ಅದರ ಹೆಸರೇ ಸಾಕು, ತುಪ್ಪದಲ್ಲಿ ಹೆಚ್ಚುಕಡಿಮೆ ಇಲ್ಲದ ಪ್ರೋಟೀನಿನ ಹೆಸರು ಯಾಕೆ? ಒಂದು ಕಿಲೋ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಹೊತ್ತಿಗೆ ಒಂದೆರಡು ಲೀಟರ್ ಕೊಡುವ ಗಿಡ್ಡದ ಹಾಲಿನಲ್ಲಿ ಮಾಡಿದ ಚೀಸ್ ಅಗ್ಗಕ್ಕೆ ಸಿಕ್ಕರೆ ಅಲ್ಲೇ ಅನುಮಾನ ಪಡಬೇಕು.

ಇಷ್ಟೆಲ್ಲ ಓದಿ ಕಲಿತರೂ ಪ್ಯಾಕೆಟ್ ಒಡೆದು ತಟ್ಟೆಗೆ ಬಂದ ಮೇಲೆ ಲೇಬಲ್ ಇರುವುದಿಲ್ಲ. ನಿಜವಾದ ತೊಂದರೆ ಇರುವುದು ಅಲ್ಲಿ. ಹೋಟೆಲ್ಲಿನ ಪನೀರ್ ಬಟರ್ ಮಸಾಲ, ಬೇಕರಿಯ ಚೀಸ್ ಸ್ಯಾಂಡ್‌ವಿಚ್, ಸಂಜೆ ಗಾಡಿಯ ಚೀಸ್ ದೋಸೆ, ಇವುಗಳಲ್ಲಿ ಬಿದ್ದದ್ದು ಏನು ಅಂತ ತಿನ್ನುವವರಿಗೆ ಗೊತ್ತಾಗುವ ದಾರಿಯೇ ಇಲ್ಲ. 2023ರಲ್ಲಿ ಮಹಾರಾಷ್ಟ್ರದ ಆಹಾರ ಇಲಾಖೆ ಒಂದು ದೊಡ್ಡ ಬರ್ಗರ್ ಕಂಪನಿಯ ಮಳಿಗೆಯ ಮೇಲೆ ಕ್ರಮ ತೆಗೆದುಕೊಂಡಿತು, ಚೀಸ್ ಅಂತ ಹೆಸರಿಟ್ಟ ತಿಂಡಿಗಳಲ್ಲಿ ಅನಲಾಗ್ ಬಳಸಿದ್ದಾರೆ ಅನ್ನುವುದು ಆರೋಪ. ಕಂಪನಿ ಅದನ್ನು ಒಪ್ಪಲಿಲ್ಲ, ಆದರೂ ಅಲ್ಲಿ ಕೆಲವು ತಿಂಡಿಗಳ ಹೆಸರಿನಿಂದ ಚೀಸ್ ಪದ ತೆಗೆಯಿತು. ಹೆಸರು ಬದಲಾಯಿಸಲು ಆಗುತ್ತದೆ ಅನ್ನುವುದು ಅಲ್ಲೇ ಗೊತ್ತಾಯಿತಲ್ಲ. ಮೆನುವಿನಲ್ಲಿ ಪನೀರ್ ಅಂತ ಬರೆದು, ಪನೀರಿನ ಬೆಲೆ ಹಾಕಿ, ತಾಳೆ ಎಣ್ಣೆಯ ತುಂಡು ಬಡಿಸುವುದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ. ಸೊಸೈಟಿಗೆ ಬೆಳಿಗ್ಗೆ ಐದಕ್ಕೆ ಎದ್ದು ಮಳೆಯಲ್ಲಿ ಹಾಲು ಹೊತ್ತು ತಂದು ಹಾಕುವವರ ಪಾಲಿನ ದುಡ್ಡು ಅಲ್ಲಿ ಬೇರೆಯವರ ಜೇಬಿಗೆ ಹೋಗುತ್ತದೆ.

ಹೋದ ಭಾನುವಾರ ಸಾಗರ ರಸ್ತೆಯ ಕಡೆ ಒಂದು ಬೇಕರಿಗೆ ಹೋಗಿದ್ದೆವು. ಮಗಳು ಚೀಸ್ ಟೋಸ್ಟ್ ಕೇಳಿದಳು. ನಾನು ಕೌಂಟರಿನಲ್ಲಿದ್ದವರಿಗೆ ‘ಅಣ್ಣಾ, ಚೀಸ್ ಪ್ಯಾಕೆಟ್ ಒಂದ್ಸಲ ತೋರಿಸ್ತೀರಾ?’ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಒಳಗಿನ ಹುಡುಗನನ್ನು ಕೂಗಿದರು. ಅವನು ಫ್ರೀಜರಿನಿಂದ ಒಂದು ಕಿಲೋದ ಚೀಲ ತಂದು ಮೇಜಿನ ಮೇಲಿಟ್ಟ. ಮಂಜು ಹಿಡಿದಿತ್ತು. ಮಗಳೇ ಬೆರಳಲ್ಲಿ ಉಜ್ಜಿ, ತಿರುಗಿಸಿ, ಸಣ್ಣ ಅಕ್ಷರ ಜೋರಾಗಿ ಓದಿದಳು. ನೀರು, ಪಾಮೊಲಿನ್, ಪಿಷ್ಟ. ಬೇಕರಿಯವರೂ ಬಗ್ಗಿ ನೋಡಿದರು. ‘ಇಷ್ಟು ದಿನ ಚೀಸ್ ಅಂತಲೇ ತಗೊಳ್ತಿದ್ದೆ ಅಕ್ಕಾ, ಸಪ್ಲೈ ಮಾಡೋರು ಹಾಗೇ ಹೇಳಿದ್ರು’ ಅಂದರು. ಮಗಳು ಬೆಣ್ಣೆ ಟೋಸ್ಟ್ ತಗೊಂಡಳು. ನಾವು ಹೊರಡುವಾಗ ಅವರು ಚೀಲದ ಹಿಂಬದಿಯ ಫೋಟೋ ತೆಗೆದು ಸಪ್ಲೈಯರಿಗೆ ಫೋನ್ ಹಚ್ಚುತ್ತಿದ್ದರು.